ಗೋಂದು ಒಣಗುವ ಮುನ್ನ

ಟಪ್ — ಟಪ್ — ಟಪ್. ಸೂಜಿಯ ತುದಿಯಿಂದ ಹನಿಯೊಂದು ಜಾರಿ ಗಾಜಿನ ಬೋಗುಣಿಯೊಳಗಿನ ದ್ರವಕ್ಕೆ ಬೀಳುವ ಸದ್ದು. ಹೊರಗೆ ರಸ್ತೆಯಲ್ಲಿ ಬಸ್ಸು ಗೇರ್ ಬದಲಿಸಿದರೆ ಮುಳುಗಿಹೋಗುತ್ತಿದ್ದ, ಅಷ್ಟು ಸಣ್ಣ ಸದ್ದು. ಮೂವತ್ತಾರು ವರ್ಷಗಳ ಮೇಲೂ ಅದು ನನ್ನ ಕಿವಿಯಲ್ಲಿ ಉಳಿದಿದೆ. ಆ ಹನಿಗಳು ಬಿದ್ದ ಕ್ಷಣವೇ ಮಣಿಗಳಾಗುತ್ತಿದ್ದವು. ಆ ಮಣಿಗಳನ್ನು ಕರಗಿಸಿದವಳು ನಾನು. ವಾಸುದೇವ ಐತಾಳರಲ್ಲ — ನಾನು. ತಪ್ಪು ಅವರದೆಂದು ಎಲ್ಲರೂ ಅಂದಾಗ ಬಾಯಿ ಮುಚ್ಚಿಕೊಂಡು ನಿಂತವಳೂ ನಾನೇ.

ಇಷ್ಟನ್ನು ಬರೆಯಲು ನನಗೆ ಎಪ್ಪತ್ತಮೂರು ವರ್ಷವಾಗಬೇಕಾಯಿತು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಶುಕ್ರವಾರ ಕ್ಯಾಥೊಲಿಕ್ ಹುಡುಗಿಯರು ಕನ್ಫೆಷನ್ನಿಗೆಂದು ಚಾಪೆಲ್ಲಿನ ಹೊರಗೆ ಸಾಲು ನಿಲ್ಲುತ್ತಿದ್ದರು. ನಮಗೆ, ಹಿಂದೂ ಹುಡುಗಿಯರಿಗೆ, ಆ ಹೊತ್ತಿನಲ್ಲಿ ಮಾರಲ್ ಸೈನ್ಸ್ ಕ್ಲಾಸು. ಒಳಗೆ ಹೋದವರು ಐದೇ ನಿಮಿಷದಲ್ಲಿ ಹಗುರಾಗಿ ಹೊರಬರುವುದನ್ನು ಕಿಟಕಿಯಿಂದ ನೋಡಿ ನನಗೆ ಹೊಟ್ಟೆಕಿಚ್ಚು. ಪಾದ್ರಿಗೆ ಪಾಪ ಹೇಳಿಕೊಳ್ಳುವ ಅಂಥ ಮರದ ಪೆಟ್ಟಿಗೆ ನನಗೊಂದು ಇಲ್ಲವಲ್ಲ ಎಂದು. ಆಗ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ಅದು ಬೇರೆ ಮಾತು. ಕಾನ್ವೆಂಟು ನನಗೆ ಕೊಟ್ಟದ್ದು ಮಾತಿನ ನಡುವೆ ನುಸುಳುವ ಇಂಗ್ಲಿಷು, ಮತ್ತು ಸಿಸ್ಟರ್‌ಗಳು ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಕರ್ಸಿವ್ ಅಕ್ಷರ. ಅಕ್ಷರದ ವಿಷಯ ಮುಂದೆ ಬರುತ್ತದೆ. ಅದಿಲ್ಲದಿದ್ದರೆ ಈ ಕಥೆಯೇ ಇಲ್ಲ.

ಅಪ್ಪ ಮೈಸೂರಿನವರು, ರಿಫೈನರಿಯಲ್ಲಿ ಕೆಲಸ ಸಿಕ್ಕಿ ಚೆಂಬೂರಿಗೆ ಬಂದವರು. ನಾನು ಬಿ.ಎಸ್ಸಿ. ಮುಗಿಸಿ, ಮಧ್ಯ ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಟೆಕ್ನಿಷಿಯನ್ ಆದೆ. ಹೆಸರು ಬೇಡ, ಅದರ ತಪ್ಪೇನೂ ಇಲ್ಲ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನನಗೆ ಮೂವತ್ತಾರು. ಮದುವೆಯ ಮಾತು ಮನೆಯಲ್ಲಿ ತಾನಾಗಿಯೇ ನಿಂತುಹೋಗಿತ್ತು. ಆಗ ನಮ್ಮ ಲ್ಯಾಬಿಗೆ ತಾತ್ಕಾಲಿಕ ಫೆಲೋಶಿಪ್ಪಿನ ಮೇಲೆ ಬಂದವರು ವಾಸುದೇವ ಐತಾಳರು. ನನಗಿಂತ ಏಳು ವರ್ಷ ಚಿಕ್ಕವರು. ಉಡುಪಿಯ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಬಂದು, ಗ್ರಾಂಟ್ ರೋಡಿನಲ್ಲಿದ್ದ ಸೋದರಮಾವನ ಹೋಟೆಲಿನಲ್ಲಿ ತಟ್ಟೆ ಎತ್ತಿ, ಕನ್ನಡ ನೈಟ್ ಸ್ಕೂಲಿನಲ್ಲಿ ಮೆಟ್ರಿಕ್ ಮಾಡಿ, ಎಂ.ಎಸ್ಸಿ.ವರೆಗೆ ಹತ್ತಿದವರು.

ನಮ್ಮ ಕೆಲಸವೇನೆಂದರೆ — ಸಕ್ಕರೆ ಕಾಯಿಲೆಯವರ ಮೈಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳು ಸತ್ತಿರುತ್ತವೆ. ಪ್ರಾಣಿಯ ಮೇದೋಜೀರಕ ಗ್ರಂಥಿಯಿಂದ ಅಂಥ ಕೋಶಗಳನ್ನು ತೆಗೆದು ಇವರ ಮೈಯೊಳಗೆ ಇಟ್ಟರೆ? ಮೈ ಸುಮ್ಮನಿರುವುದಿಲ್ಲ, ಪರಕೀಯರು ಬಂದರೆಂದು ಮೇಲೆ ಬಿದ್ದು ಕೊಂದುಹಾಕುತ್ತದೆ. ಅದಕ್ಕೇ ಆ ಕೋಶಗಳ ಗುಂಪುಗಳನ್ನು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟಿನಲ್ಲಿ ಬೆರೆಸಿ, ಸೂಜಿಯಿಂದ ಹನಿಹನಿಯಾಗಿ ಕ್ಯಾಲ್ಸಿಯಂ ನೀರಿಗೆ ಬಿಡುವುದು. ಹನಿ ಗಟ್ಟಿಯಾಗಿ ಮಣಿಯಾಗುತ್ತದೆ. ಮಣಿಯ ಗೋಡೆಯೊಳಗಿಂದ ಸಕ್ಕರೆ ಒಳಗೆ ಬರಬಹುದು, ಇನ್ಸುಲಿನ್ ಹೊರಗೆ ಹೋಗಬಹುದು, ಕೊಲ್ಲುವವರು ಮಾತ್ರ ನುಗ್ಗಲಾರರು.

"ಸೊಳ್ಳೆಪರದೆ ಅಕ್ಕ," ಎಂದು ಐತಾಳರು ಒಂದೇ ಮಾತಿನಲ್ಲಿ ಮುಗಿಸಿದ್ದರು. "ಗಾಳಿ ಬರ್ತದೆ, ಸೊಳ್ಳೆ ಬರುದಿಲ್ಲ. ಒಳಗಿದ್ದವ ಆರಾಮ."

ಅಕ್ಕ. ಮೊದಲ ದಿನದಿಂದಲೇ ಅಕ್ಕ. ಅವರ ಕಡೆ ಅದು ಮರ್ಯಾದೆಯ ಮಾತು, ಗೊತ್ತು. ಆದರೂ —

ಗ್ರಂಥಿ ಬರುತ್ತಿದ್ದದ್ದು ಹಂದಿಯಿಂದ. ಅದನ್ನು ತರಲು ಬೆಳಗಿನ ಆರಕ್ಕೇ ಚೆಂಬೂರಿನಾಚೆಯ ಕಸಾಯಿಖಾನೆಗೆ ಹೋಗಬೇಕು. ಅದು ಜೂನಿಯರ್ ಫೆಲೋವಿನ ಕೆಲಸ. ಶುದ್ಧ ಸಸ್ಯಾಹಾರಿ ಹೋಟೆಲಿನ ಹುಡುಗ, ಸಂಧ್ಯಾವಂದನೆ ತಪ್ಪದವರು, ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಬಿಕೊಂಡು ಹೋಗುತ್ತಿದ್ದರು. ವಾಪಸು ಬಂದು ಲ್ಯಾಬಿನ ಹಿಂದಿನ ನಲ್ಲಿಯಲ್ಲಿ ತಲೆಗೆ ಸ್ನಾನ.

"ಐತಾಳರೇ, ಮಡಿ ಆಯ್ತೇನ್ರೀ?" ಎಂದು ನಾನು ಕೆಣಕಿದರೆ, "ಜನಿವಾರ ಜೇಬಲ್ಲಿ, ಹಂದಿ ಥರ್ಮಾಸಲ್ಲಿ. ಎರಡೂ ಸೇಫ್. ಮಾವನಿಗೆ ಮಾತ್ರ ಹೇಳ್ಬೇಡಿ ಮಾರಾಯ್ರೆ, ನನ್ನನ್ನು ಅಡುಗೆಮನೆಯ ಹೊಸಿಲು ದಾಟ್ಲಿಕ್ಕೆ ಬಿಡ್ಲಿಕ್ಕಿಲ್ಲ."

ಹೇಳಲಿಲ್ಲ. ಗುಟ್ಟು ಕಾಪಾಡುವುದರಲ್ಲಿ ನಾನು ಗಟ್ಟಿಗಿತ್ತಿ.

ಮೊದಲ ಒಂದು ವರ್ಷ ಮಣಿಗಳು ದುಂಡಗೆ ಬರಲೇ ಇಲ್ಲ. ಒಂದೊಂದಕ್ಕೂ ಗೊದಮೊಟ್ಟೆಯಂತೆ ಬಾಲ. ಬಾಲವಿದ್ದ ಕಡೆ ಗೋಡೆ ತೆಳು, ಅಲ್ಲೇ ಒಡೆಯುತ್ತಿತ್ತು. ವಿದೇಶದಿಂದ ತರಿಸಿದ ಜರ್ನಲ್ಲುಗಳನ್ನು ಲ್ಯಾಬಿನ ಮುಖ್ಯಸ್ಥರು, ನಮ್ಮ ಬಾಸ್, ಎಷ್ಟು ತಿರುವಿದರೂ ಉಪಯೋಗವಾಗಲಿಲ್ಲ. ಒಂದು ದಿನ ಐತಾಳರು ಸೂಜಿಯನ್ನು ಸ್ಟ್ಯಾಂಡಿನಿಂದ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡರು. "ಇದು ಬೂಂದಿ ಅಕ್ಕ. ಹಿಟ್ಟು ಗಟ್ಟಿಯಾದ್ರೆ ಬಾಲ, ನೀರಾದ್ರೆ ಚಪ್ಪಟೆ. ಝಾರಾ ಎಣ್ಣೆಯಿಂದ ಎಷ್ಟು ಮೇಲೆ ಹಿಡೀಬೇಕೂಂತ ನಮ್ಮ ಅಡುಗೆ ಭಟ್ರು ತಲೆಗೆ ಹೊಡ್ದು ಕಲಿಸಿದ್ದಾರೆ." ಬೂಂದಿ ಕರಿಯುವ ತೂತಿನ ಸೌಟಿಗೆ ಮುಂಬಯಿಯಲ್ಲಿ ಝಾರಾ ಎನ್ನುತ್ತಾರೆ. ಅಂಟಿಗೆ ಚೂರು ನೀರು ಕೂಡಿಸಿ, ಸೂಜಿಯನ್ನು ಮೇಲೆ ಕೆಳಗೆ ಮಾಡಿ, ಕೊನೆಗೆ ಒಂದು ಗೇಣಿಗೆ ಎರಡು ಬೆರಳು ಕಮ್ಮಿ ಎತ್ತರದಲ್ಲಿ ನಿಲ್ಲಿಸಿದರು. ಟಪ್. ಮಣಿ ಮುತ್ತಿನಷ್ಟು ದುಂಡಗೆ ಬಂತು. ನಾವಿಬ್ಬರೂ ಬೋಗುಣಿಯ ಮೇಲೆ ಬಗ್ಗಿದ್ದೆವು. ಅವರ ತಲೆಯಿಂದ ಸೀಗೆಕಾಯಿಯ ವಾಸನೆ ಬರುತ್ತಿತ್ತು. ಅದಾದ ಮೇಲೆ ನಾನು ಆ ಲ್ಯಾಬಿಗೆ ಎದ್ದು ಹೋಗುತ್ತಿದ್ದದ್ದು ಸಂಬಳಕ್ಕಾಗಿ ಮಾತ್ರ ಎಂದರೆ ಸುಳ್ಳಾಗುತ್ತದೆ.

ಕೊನೆಗೂ ಒಂದು ಬ್ಯಾಚು ನಿಂತಿತು. ಹಂದಿಯ ಕೋಶಗಳು ಬಹಳ ನಾಜೂಕು. ಬೇರ್ಪಡಿಸುವಾಗಲೇ ಅರ್ಧ ಸಾಯುತ್ತವೆ. ಈ ಬ್ಯಾಚು ಮಾತ್ರ ಮಣಿಯೊಳಗೆ ಮೂರು ವಾರ ಬದುಕಿ, ಸಕ್ಕರೆ ತೋರಿಸಿದಾಗೆಲ್ಲ ಇನ್ಸುಲಿನ್ ಬಿಟ್ಟಿತು. ಸೋಮವಾರ ಅದನ್ನು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳ ಹೊಟ್ಟೆಯೊಳಗೆ ಇಡುವುದು, ಅದನ್ನು ನೋಡಲು ಹೊರಗಿನ ಕಮಿಟಿಯವರು ಬರುವುದು ಎಂದು ಗೊತ್ತಾಯಿತು. ಅವರು ಒಪ್ಪಿದರೆ ಐತಾಳರ ಫೆಲೋಶಿಪ್ ಮುಂದುವರಿದು ಪಿಎಚ್.ಡಿ.ಗೆ ದಾರಿಯಾಗುತ್ತಿತ್ತು. ಇಲ್ಲದಿದ್ದರೆ ಗೋರೆಗಾಂವಿನಲ್ಲಿ ಮಾವ ತೆರೆಯಲಿದ್ದ ಹೊಸ ಹೋಟೆಲು. "ಇಲಿಗೆ ಇಂಜೆಕ್ಷನ್ ಕೊಟ್ಟು ಸಾಕು, ಈ ಸಲ ಆಗದಿದ್ರೆ ಬಂದು ಗಲ್ಲಾದಲ್ಲಿ ಕೂತ್ಕೋ," ಎಂದು ಮಾವ ಮಾತು ತೆಗೆದುಕೊಂಡಿದ್ದರು.

ಶನಿವಾರ ಮಧ್ಯಾಹ್ನ ಐತಾಳರು ಎರಡು ದ್ರಾವಣ ಮಾಡಿಟ್ಟರು. ಒಂದು ಸಲೈನ್, ಮಣಿಗಳನ್ನು ತೊಳೆಯುವುದಕ್ಕೆ. ಇನ್ನೊಂದು ಸಿಟ್ರೇಟ್ — ಅದು ಮಣಿಯೊಳಗಿನ ಕ್ಯಾಲ್ಸಿಯಮ್ಮನ್ನು ಕಿತ್ತುಕೊಂಡು ಮಣಿಯನ್ನೇ ಕರಗಿಸುತ್ತದೆ. ಪರೀಕ್ಷೆಗೆಂದು ಕೋಶಗಳನ್ನು ಹೊರತೆಗೆಯಬೇಕಾದಾಗ ಬೇಕಾಗುವ ದ್ರವ. ಎರಡೂ ನೀರಿನ ಹಾಗೆ. ಲೇಬಲ್ ಇಲ್ಲದಿದ್ದರೆ ದೇವರಿಗೂ ವ್ಯತ್ಯಾಸ ಗೊತ್ತಾಗದು. ಆದ್ದರಿಂದಲೇ ದ್ರಾವಣ ಮಾಡಿದವರೇ ಲೇಬಲ್ ಅಂಟಿಸಿ, ಮೂಲೆಯಲ್ಲಿ ತಮ್ಮ ಇನಿಷಿಯಲ್ಸ್ ಹಾಕಬೇಕೆಂಬುದು ಲ್ಯಾಬಿನ ನಿಯಮ. ಆದರೆ ಕಮಿಟಿ ಬರುವಾಗ ಲೇಬಲ್ಲುಗಳು ಮಿಸ್ ಮೂರ್ತಿಯ — ನನ್ನ — ಕಾನ್ವೆಂಟ್ ಅಕ್ಷರದಲ್ಲೇ ಇರಬೇಕೆಂದು ಬಾಸಿನ ಆಸೆ. ಐತಾಳರು ಎರಡು ಖಾಲಿ ಲೇಬಲ್ಲುಗಳಿಗೆ ತಮ್ಮ ವಿ.ಎ. ಹಾಕಿ ನನ್ನ ಕೈಗೆ ಕೊಟ್ಟರು.

"ಎಡದ್ದು ಸಲೈನ್, ಬಲದ್ದು ಸಿಟ್ರೇಟ್. ಒಂದು ಸಲ ತೊಳೆದು ಹೊಸ ಮೀಡಿಯಂ ಹಾಕಿಬಿಡಿ ಅಕ್ಕ. ನಾನು ಹೋಗಿ ಹೋಟೆಲಲ್ಲಿ ಸ್ವಲ್ಪ ತಯಾರಿ ಮಾಡ್ತೇನೆ. ಸಂಜೆ ಬರ್ತೀರಲ್ಲ? ಮಾವನಿಗೆ ನಿಮ್ಮನ್ನು ತೋರಿಸ್ಬೇಕು."

ಮಾವನಿಗೆ ನನ್ನನ್ನು ತೋರಿಸಬೇಕು! ಮೂರು ದಿನದ ಹಿಂದೆ ಮೊದಲು ಕರೆದಾಗಲೂ ಇದನ್ನೇ ಅಂದಿದ್ದರು. ಆ ಮಾತಿನ ಮೇಲೆ ನಾನು ಅಂದಿನಿಂದ ಏನೇನು ಕಟ್ಟಿದ್ದೆನೋ — ಬಿಡಿ. ಅವರಿಗೆ ಬೇಕಾಗಿದ್ದದ್ದು, ತಾನು ಮಾಡುತ್ತಿರುವುದು ಹುಡುಗಾಟವಲ್ಲ, ನಿಜವಾದ ಕೆಲಸ ಎಂದು ಮಾವನೆದುರು ಹೇಳುವ ಒಬ್ಬ ಪರ್ಮನೆಂಟ್ ಮೇಡಂ. ಅದು ನನಗೆ ಆಗಲೇ ಅರ್ಥವಾಗದೆ ಇರಲಿಲ್ಲ. ಅರ್ಥವಾದರೂ ಕಟ್ಟಿಕೊಂಡೆ.

ಅವರು ಹೋದರು. ನಾನು ಲೇಬಲ್ ಬರೆದೆ, ನನ್ನ ಅತ್ಯುತ್ತಮ ಅಕ್ಷರದಲ್ಲಿ. ಅಂಟಿಸುವ ಮುನ್ನ ಪರ್ಸಿನಿಂದ ಪೌಡರ್ ಡಬ್ಬಿ ತೆಗೆದೆ. ಅದರ ಮುಚ್ಚಳದ ಒಳಗಿನ ಕನ್ನಡಿಗೆ ಒರಗಲು ಏನಾದರೂ ಬೇಕಿತ್ತು. ಎಡಗಡೆಯ ಬಾಟಲಿಯನ್ನು ಎತ್ತಿ ಬಲಗಡೆಯ ಕಿಟಕಿಯ ಬೆಳಕಿಗೆ ಸರಿಸಿ, ಅದಕ್ಕೆ ಕನ್ನಡಿ ಒರಗಿಸಿ, ಮುಖಕ್ಕೆ ಪೌಡರ್ ಹಚ್ಚಿಕೊಂಡೆ, ಹಣೆಯ ಬಿಂದಿ ಬದಲಿಸಿದೆ, ಕಿವಿಯ ಬಳಿಯ ಎರಡು ಬಿಳಿಕೂದಲನ್ನು ಒಳಗೆ ತುರುಕಿದೆ. ಆಮೇಲೆ ಗೋಂದು ಹಚ್ಚಿದೆ. ಎಡದ್ದಕ್ಕೆ ಸಲೈನ್, ಬಲದ್ದಕ್ಕೆ ಸಿಟ್ರೇಟ್ — ಹೇಳಿದ್ದರಲ್ಲ.

ಕೋಶಗಳಿಗೆ ಆಹಾರವಾಗಿದ್ದ ಹಳೆಯ ಮೀಡಿಯಂ ತೆಗೆದು, ಸಲೈನ್ ಎಂಬ ಲೇಬಲ್ಲಿದ್ದ ಬಾಟಲಿಯಿಂದ ಮಣಿಗಳ ಮೇಲೆ ಸುರಿದು, ಹತ್ತು ನಿಮಿಷ ಬಿಟ್ಟೆ. ಆ ಹತ್ತು ನಿಮಿಷ ಹತ್ತಿರವೇ ಕೂರಬೇಕು. ನಾನು ಬಾತ್‌ರೂಮಿಗೆ ಹೋಗಿ ಸೀರೆಯ ನೆರಿಗೆ ಸರಿಮಾಡಿಕೊಂಡೆ. ಅವತ್ತು ಉಟ್ಟಿದ್ದು ನವಿಲುಬಣ್ಣದ ಮೈಸೂರು ಸಿಲ್ಕ್. ಶನಿವಾರ ಲ್ಯಾಬಿಗೆ ರೇಷ್ಮೆ ಯಾಕೆಂದು ಬೆಳಿಗ್ಗೆ ಅಮ್ಮ ಕೇಳಿದ್ದಳು.

ಮರಳಿ ಬಂದಾಗ ಬೋಗುಣಿಯಲ್ಲಿ ಮಣಿಗಳಿರಲಿಲ್ಲ. ಸ್ವಲ್ಪ ಮಸುಕು, ಅಷ್ಟೇ — ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ.

ಏನಾಯಿತೆಂದು ತಿಳಿಯಲು ನನಗೆ ಎರಡು ಕ್ಷಣ ಸಾಕಾಯಿತು. ಕಿಟಕಿಯ ಬಳಿಯ ಬಾಟಲಿ, ಅದಕ್ಕೆ ಇನ್ನೂ ಒರಗಿಕೊಂಡಿದ್ದ ಕನ್ನಡಿ. ಎಡದ್ದನ್ನು ನಾನೇ ಬಲಕ್ಕೆ ಒಯ್ದಿದ್ದೆ. ಲೇಬಲ್ಲನ್ನು ಮುಟ್ಟಿ ನೋಡಿದೆ. ಗೋಂದು ಇನ್ನೂ ಒದ್ದೆಯಾಗಿತ್ತು. ಬೆರಳಿನಿಂದ ತಳ್ಳಿದರೆ ಕಾಗದ ಜಾರುತ್ತಿತ್ತು. ಎರಡನ್ನೂ ಕಿತ್ತು ಅದಲುಬದಲು ಅಂಟಿಸಿದರೆ ಬಾಟಲಿಗಳು ನಿಜ ಹೇಳುತ್ತಿದ್ದವು: ದ್ರಾವಣ ಸರಿಯಾಗಿದೆ, ತೊಳೆದವಳು ತಪ್ಪು ಬಾಟಲಿ ಎತ್ತಿದ್ದಾಳೆ. ಹಾಗೇ ಬಿಟ್ಟರೆ ಬೇರೊಂದು ಹೇಳುತ್ತಿದ್ದವು: ಸಲೈನ್ ಎಂಬ ಬಾಟಲಿಗೆ ಸಿಟ್ರೇಟ್ ತುಂಬಿದವರು ವಿ.ಎ.

ನನ್ನದು ಪರ್ಮನೆಂಟ್ ಕೆಲಸ. ಬೈಗುಳ ಬಿಟ್ಟರೆ ನನಗೇನೂ ಆಗುತ್ತಿರಲಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ — ಹೊಟ್ಟೆಪಾಡಿನ ಭಯ ಎಂದು ಯಾರೂ ನನ್ನ ಪರವಾಗಿ ಅಂದುಕೊಳ್ಳಬಾರದು. ಬಾಟಲಿ ಯಾಕೆ ಜಾಗ ಬದಲಿಸಿತು ಎಂದು ಐತಾಳರು ಕೇಳುತ್ತಾರೆ. ಮೂವತ್ತೇಳು ವರ್ಷದ ಮಿಸ್ ಮೂರ್ತಿ ಕನ್ನಡಿ ನೋಡಿಕೊಳ್ಳುತ್ತಿದ್ದಳು ಎಂದು ಅವರೆದುರು ಹೇಳಬೇಕು. ಯಾರಿಗಾಗಿ ಎಂದು ಅವರಿಗೆ ಹೊಳೆಯುತ್ತದೆ. ಅದನ್ನು ನಾನು ತಾಳಲಾರೆನೆಂದು ಅನಿಸಿತು. ಕುರ್ಚಿ ಎಳೆದುಕೊಂಡು ಕೂತೆ. ಗೋಂದು ಒಣಗುವುದನ್ನು ನೋಡುತ್ತಾ ಕೂತೆ. ಒಣಗಿದ ಮೇಲೆ ಬೋಗುಣಿಗೆ ಗುಲಾಬಿ ಬಣ್ಣದ ಮೀಡಿಯಂ ಸುರಿದು, ಇನ್‌ಕ್ಯುಬೇಟರಿನಲ್ಲಿಟ್ಟು, ಬಾಗಿಲು ಮುಚ್ಚಿದೆ.

ಮತ್ತು ಗ್ರಾಂಟ್ ರೋಡಿಗೆ ಹೋದೆ. ಹೌದು, ಹೋದೆ. ದಾದರಿನಲ್ಲಿ ಗಾಡಿ ಬದಲಿಸಿ, ರೇಷ್ಮೆ ಮುದುಡದಂತೆ ಬಾಗಿಲ ಬಳಿ ನಿಂತುಕೊಂಡು.

ಐತಾಳರು ಹೋಟೆಲಿನ ಮೆಟ್ಟಿಲ ಮೇಲೇ ಕಾಯುತ್ತಿದ್ದರು. "ಎಲ್ಲ ಸರಿಯಾಯ್ತಾ ಅಕ್ಕ?"

"ಎಲ್ಲ ಸರಿಯಾಗಿದೆ," ಎಂದೆ.

ಮೂರು ಗಂಟೆಯ ಹಿಂದೆ ಮಾಡಿದ್ದು ಕೈತಪ್ಪು. ಈಗ ಮಾಡಿದ್ದು ಪಾಪ. ಇವೆರಡರ ವ್ಯತ್ಯಾಸವನ್ನು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಚೆನ್ನಾಗಿಯೇ ಕಲಿಸಿದ್ದರು.

ಮಾವ ಎದ್ದು ಬಂದು, ಫ್ಯಾಮಿಲಿ ರೂಮಿನ ಟೇಬಲ್ಲನ್ನು ತಾವೇ ಒರೆಸಿ ಕೂರಿಸಿದರು. "ನಮ್ಮ ವಾಸು ಅಲ್ಲಿ ಎಂತ ಮಾಡುದಮ್ಮ? ಕೇಳಿದ್ರೆ ಸೊಳ್ಳೆಪರದೆ ಅಂತಾನೆ. ಮುಂಬಯಿಯಲ್ಲಿ ಸೊಳ್ಳೆಪರದೆ ಹೊಲೀಲಿಕ್ಕೆ ಎಂ.ಎಸ್ಸಿ. ಬೇಕಾ?"

"ಕಡಲಪಾಚಿಯ ಬೂಂದಿ ಮಾಡ್ತಾರೆ," ಎಂದೆ. ಎಲ್ಲರೂ ನಕ್ಕರು. ಮಾವ ನಗು ನಿಲ್ಲಿಸಿ, "ತಮಾಷೆ ಅಲ್ಲ ಅಮ್ಮ. ನೀವು ದೊಡ್ಡವರು, ಓದಿದವರು. ಇದರಲ್ಲಿ ಇವನಿಗೆ ಮುಂದೆ ಏನಾದ್ರೂ ಉಂಟಾ? ನಿಮ್ಮ ಬಾಯಲ್ಲಿ ಹೇಳಿ, ನಾನು ಗೋರೆಗಾಂವಿಗೆ ಬೇರೆ ಯಾರನ್ನಾದ್ರೂ ನೋಡ್ತೇನೆ."

ಐತಾಳರು ನನ್ನ ಮುಖವನ್ನೇ ನೋಡುತ್ತಿದ್ದರು. ಯಾವ ಗಂಡಸೂ ನನ್ನ ಮುಖವನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

"ಸೋಮವಾರ ಆಗಲಿ," ಎಂದೆ. "ಆಮೇಲೆ ಇವರನ್ನ ಡಾಕ್ಟರ್ ಐತಾಳ್ ಅಂತ ಕರೆಯೋ ಅಭ್ಯಾಸ ಮಾಡ್ಕೊಳ್ಳಿ."

ಸೋಮವಾರ ಕಮಿಟಿಯ ಮೂವರು, ಬಾಸ್, ನಾವಿಬ್ಬರು. ಐತಾಳರು ಬೋಗುಣಿಯನ್ನು ತೆಗೆದು ಬೆಳಕಿಗೆ ಹಿಡಿದರು. ಮತ್ತೆ ಹಿಡಿದರು. ಬಾಸ್ ಕೋಶಗಳಿಲ್ಲದ ಖಾಲಿ ಮಣಿಗಳನ್ನು ತಂದು ಎರಡು ಬಾಟಲಿಯ ದ್ರವಕ್ಕೂ ಹಾಕಿದರು. ಸಿಟ್ರೇಟ್ ಎಂದು ಬರೆದದ್ದರಲ್ಲಿ ಮಣಿಗಳು ಹಾಗೇ ಉಳಿದವು. ಸಲೈನ್ ಎಂದು ಬರೆದದ್ದರಲ್ಲಿ ಚಹಾದಲ್ಲಿ ಸಕ್ಕರೆಯಂತೆ ಹೋದವು.

"ಯೇ ಸಾಯಿನ್ ತುಮ್ಹಾರಾ ಹೈ ನಾ, ವಾಸುದೇವ್?" ಈ ಸಹಿ ನಿನ್ನದೇ ತಾನೆ ಎಂದು ಬಾಸ್ ಲೇಬಲ್ಲಿನ ಮೂಲೆಯ ವಿ.ಎ. ತೋರಿಸಿದರು.

ಐತಾಳರು ಲೇಬಲ್ಲನ್ನು ನೋಡಿದರು. ಆಮೇಲೆ ಕಿಟಕಿಯ ಕಟ್ಟೆಯನ್ನು ನೋಡಿದರು. ಅಲ್ಲಿ, ಬಾಟಲಿ ಇದ್ದ ಜಾಗದ ಪಕ್ಕದಲ್ಲಿ, ಚಿಟಿಕೆಯಷ್ಟು ಪೌಡರ್ ಚೆಲ್ಲಿತ್ತು. ನಾನು ಒರೆಸಿರಲಿಲ್ಲ. ಕೊನೆಗೆ ನನ್ನನ್ನು ನೋಡಿದರು. "ಎಡದ್ದು..." ಎಂದು ಶುರುಮಾಡಿ ನಿಲ್ಲಿಸಿದರು.

ಆಗಲೂ ಸಮಯವಿತ್ತು. ನಾನು ಕಾಲಬೆರಳುಗಳನ್ನು ನೋಡುತ್ತಾ ನಿಂತಿದ್ದೆ.

"ಹಾಂ ಸರ್," ಎಂದರು ಐತಾಳರು. "ಮೇರಾ ಹೀ ಹೈ."

ತಿಂಗಳ ಕೊನೆಗೆ ಫೆಲೋಶಿಪ್ ಮುಗಿಯಿತು. ಥರ್ಮಾಸನ್ನು ತೊಳೆದು, ಬೋರಲು ಹಾಕಿ, ಗೋರೆಗಾಂವಿಗೆ ಹೋದರು. ನಾನು ಉಳಿದೆ. ಮುಂದೆ ಇನ್ನೊಬ್ಬರು ಬಂದರು, ಇನ್ನೊಂದು ಬ್ಯಾಚಾಯಿತು. ದುಂಡು ಮಣಿ ಮಾಡುವ ವಿಧಾನ ಜರ್ನಲ್ಲಿನಲ್ಲಿ ಒಂದು ಪೇಪರ್ ಆಗಿ ಅಚ್ಚಾಯಿತು. ಅದರಲ್ಲಿ ಬಾಸಿನ ಹೆಸರಿದೆ, ನನ್ನ ಹೆಸರೂ ಇದೆ. ಐತಾಳರ ಹೆಸರು ಎಲ್ಲೂ ಇಲ್ಲ. ಸೇರಿಸಿ ಎಂದು ನಾನು ಕೇಳಲಿಲ್ಲ. ಕೇಳಿದರೆ ಹಳೆಯದು ಏಳುತ್ತದೆಂದು.

ಆ ಗೋರೆಗಾಂವ್ ಹೋಟೆಲ್ ಈಗ ಇಲ್ಲ. ಹೋದ ವರ್ಷ ಹುಡುಕಿಕೊಂಡು ಹೋದೆ. ಆ ಜಾಗದಲ್ಲಿ ಮೊಬೈಲ್ ಅಂಗಡಿ. ಪಕ್ಕದ ಹೂವಿನವನು "ವೋ ಅಣ್ಣಾ ತೋ ಕಬ್ ಕೇ ಗಾಂವ್ ಗಯೇ" ಎಂದ. ಊರಿಗೆ ಹೋಗಿ ಎಷ್ಟೋ ಕಾಲವಾಯಿತಂತೆ. ಇದ್ದಾರೋ ಇಲ್ಲವೋ ಗೊತ್ತಿಲ್ಲ. ಆದ್ದರಿಂದ ಇಲ್ಲಿ, ಓದುವವರೆಲ್ಲರ ಎದುರು ಬರೆದಿಡುತ್ತೇನೆ: ಒಂದು ಗೇಣಿಗೆ ಎರಡು ಬೆರಳು ಕಮ್ಮಿ ಎಂಬ ಆ ಎತ್ತರವನ್ನು ಕಂಡುಹಿಡಿದವರು ವಾಸುದೇವ ಐತಾಳರು. ಅವರು ತುಂಬಿದ ಎರಡೂ ಬಾಟಲಿಗಳು ಸರಿಯಾಗಿದ್ದವು.

ಅವರನ್ನು ಕೊನೆಯ ಸಲ ನೋಡಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಹೇಳಿಬಿಡಬೇಕೆಂದು ನಿಶ್ಚಯಿಸಿ, ಆ ಪೇಪರಿನ ಒಂದು ಪ್ರತಿಯನ್ನು ಪರ್ಸಿನಲ್ಲಿಟ್ಟುಕೊಂಡು ಗೋರೆಗಾಂವಿಗೆ ಹೋಗಿದ್ದೆ. ಅವರು ಗಲ್ಲಾದಲ್ಲಿರಲಿಲ್ಲ. ಅಡುಗೆಮನೆಯಲ್ಲಿ, ಒಲೆಯ ಮುಂದೆ, ಝಾರಾ ಹಿಡಿದು ನಿಂತಿದ್ದರು.

"ಓ! ಅಕ್ಕ! ಬನ್ನಿ ಬನ್ನಿ. ನೋಡಿ, ಒಂದಕ್ಕಾದ್ರೂ ಬಾಲ ಉಂಟಾ?"

ಪೇಪರ್ ಕೊಟ್ಟೆ. ಕೈ ಒರೆಸಿಕೊಂಡು, ನಿಂತಲ್ಲೇ, ಪೂರ್ತಿ ಓದಿದರು. ಹೆಸರುಗಳಿದ್ದ ಸಾಲಿನ ಮೇಲೆ ಅವರ ಕಣ್ಣು ನಿಂತದ್ದನ್ನು ನೋಡಿದೆ. "ಚಂದ ಬಂದಿದೆ ಅಕ್ಕ. ಗೇಣು ಅಂತ ಬರ್ದಿದ್ರೆ ಇನ್ನೂ ಚಂದ ಇತ್ತು. ಸೆಂಟಿಮೀಟರ್ ಅಂತ ಹಾಕಿದ್ದೀರಿ," ಎಂದು ನಕ್ಕು, ಮಡಚಿ, ನನಗೇ ಹಿಂದಿರುಗಿಸಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ, "ನಿಮ್ಮ ಅಕ್ಷರ ಈಗಲೂ ಹಾಗೇ ಉಂಟಾ? ಬಂದದ್ದು ಒಳ್ಳೆದಾಯ್ತು, ಒಂದು ಉಪಕಾರ ಮಾಡಿ," ಎಂದು ಎರಡು ಚೌಕ ಕಾಗದ, ಪೆನ್ನು ತಂದರು. ಕಪಾಟಿನಲ್ಲಿ ಒಂದೇ ಥರದ ಎರಡು ಹೊಸ ಡಬ್ಬಗಳಿದ್ದವು. "ಸಾಲ್ಟ್, ಶುಗರ್. ಇಂಗ್ಲಿಷಲ್ಲೇ ಬರೀರಿ, ನಿಮ್ಮ ಆ ಸುರುಳಿ ಅಕ್ಷರ."

ಬರೆದೆ. ಸಿಸ್ಟರ್‌ಗಳು ಕಲಿಸಿದ ಅಕ್ಷರ ಕೈಬಿಡಲಿಲ್ಲ. ಬರೆದು ಗೋಂದಿನ ಬಾಟಲಿಗೆ ಕೈ ಚಾಚಿದೆ.

"ಬೇಡ ಅಕ್ಕ," ಎಂದರು, ಮೆಲ್ಲಗೆ. "ಅಂಟಿಸುದು ನಾನು ಮಾಡ್ತೇನೆ."

ಮೊದಲ ಡಬ್ಬದ ಮುಚ್ಚಳ ತೆಗೆದು, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ರುಚಿ ನೋಡಿದರು. ಆಮೇಲೆ ಸಾಲ್ಟ್ ಎಂಬ ಚೀಟಿ ಅಂಟಿಸಿದರು. ಎರಡನೆಯ ಡಬ್ಬದ ಮುಚ್ಚಳ ತೆಗೆದರು. ಅದರಿಂದಲೂ ಒಂದು ಚಿಟಿಕೆ.

"ಐತಾಳರೇ, ಆವತ್ತು —"

"ಹೊರಡಿ ಅಕ್ಕ, ಐದೂವರೆ ಆದ್ರೆ ಟ್ರೇನಿನ ಲೇಡೀಸ್ ಡಬ್ಬಿಯಲ್ಲೂ ಕಾಲಿಡ್ಲಿಕ್ಕೆ ಆಗುದಿಲ್ಲ."

ಬಾಗಿಲವರೆಗೆ ಹೋಗಿ ತಿರುಗಿ ನೋಡಿದೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು, ಆದರೂ ಅವರು ಅಲ್ಲಿಗೆ ಹೋಗಿರಲಿಲ್ಲ. ನನಗೆ ಬೆನ್ನು ಹಾಕಿ, ಸಕ್ಕರೆ ಡಬ್ಬದ ಮುಂದೆ, ನನ್ನ ಅಕ್ಷರದ ಮೇಲೆ ಹೆಬ್ಬೆರಳು ಒತ್ತಿಕೊಂಡು, ಗೋಂದು ಒಣಗುವ ತನಕ ನಿಂತಿದ್ದರು.